ಯಾಜಕಕಾಂಡದಲ್ಲಿ ನಿಂತುಹೋದ ನಮ್ಮ ಹುಡುಗಿಗೆ

ಗ್ರೂಪಿನ ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಈ ವಾಯ್ಸ್ ಮೆಸೇಜ್ ಪುಟ್ಟಿಗೆ ಉತ್ತರ, ಆದರೆ ಎಲ್ಲರೂ ಕೇಳಬಹುದು. ಸ್ವಲ್ಪ ಉದ್ದ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳುವವರು ಕೇಳಿ, ನನಗೇನೂ ಬೇಜಾರಿಲ್ಲ.

ಪುಟ್ಟಿ, ನಿನ್ನೆ ರಾತ್ರಿ ನೀನು ಹಾಕಿದ್ದನ್ನು ಎರಡು ಸಲ ಓದಿದೆ. ಒಂದು ವರ್ಷದಲ್ಲಿ ಇಡೀ ಸತ್ಯವೇದ, ಅಂದರೆ ಬೈಬಲ್, ಮುಗಿಸಬೇಕು ಅಂತ ಶುರು ಮಾಡಿದೆ. ಅದರ ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬಂದು ನಿಂತುಹೋದೆ. ಹತ್ತು ದಿನದಿಂದ ಪುಸ್ತಕ ತೆರೆದಿಲ್ಲ. "ನನಗೆ ನಂಬಿಕೆಯೇ ಕಡಿಮೆ ಇರಬೇಕು ಅತ್ತೆ" ಅಂತ ಬರೆದಿದ್ದೀಯ. ಅದರ ಕೆಳಗೆ ದೊಡ್ಡಣ್ಣ "ಶಿಸ್ತು ಬೇಕು" ಅಂತ ಎರಡೇ ಪದ ಹಾಕಿದರು. ದೊಡ್ಡಣ್ಣ, ತಪ್ಪು ತಿಳಿಯಬೇಡಿ. ಶಿಸ್ತು ಬೇಕು, ಒಪ್ಪಿದೆ. ಆದರೆ ಹತ್ತು ದಿನ ಓದದೆ ಇದ್ದದ್ದಕ್ಕೆ ಇಷ್ಟು ಸಂಕಟ ಪಡುವವಳಿಗೆ ಶಿಸ್ತಿನ ಪಾಠ ಯಾಕೆ?

ಮೊದಲು ಲೆಕ್ಕ ನೋಡು. ನಮ್ಮ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ಒಂದು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಆದಿಕಾಂಡ 50, ವಿಮೋಚನಕಾಂಡ 40. ಅಂದರೆ ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಎಲ್ಲರೂ ಸಾಲಾಗಿ ಯಾಜಕಕಾಂಡದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಯವರೆಗೆ ಯೋಸೇಫ, ಮೋಶೆ, ಕೆಂಪು ಸಮುದ್ರ ಅಂತ ಕಥೆಯೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಒಮ್ಮೆಗೇ ಯಜ್ಞದ ನಿಯಮ, ಕೊಬ್ಬು, ಬೂದಿ. 13ನೇ ಅಧ್ಯಾಯದಲ್ಲಂತೂ ಚರ್ಮರೋಗದ ಬಗ್ಗೆಯೇ 59 ವಚನ. ನಾನೂ ಅಲ್ಲೇ ನಿಂತವಳು. ಒಂದು ಸಲ ಅಲ್ಲ, ಮೂರು ವರ್ಷ ಮೂರು ಸಲ.

ಅದನ್ನು ಬಿಟ್ಟು ಯೇಸುವಿನ ಕಥೆ ಇರುವ ಸುವಾರ್ತೆಗೆ ಹೋಗು ಅಂತ ಯಾರಾದರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಯಾಜಕಕಾಂಡದಲ್ಲೇ ಇರು. 13 ಸದ್ಯಕ್ಕೆ ಬಿಡು, ನೇರ 19ಕ್ಕೆ ಹೋಗು. ಒಟ್ಟು 37 ವಚನ. ಒಂದು ತಿಂಗಳು ಅದೊಂದರಲ್ಲೇ ಇದ್ದರೂ ನಷ್ಟವಿಲ್ಲ.

ಯಾಕೆ ಅಂದರೆ, ಯೇಸುವನ್ನು ಯಾವ ಆಜ್ಞೆ ದೊಡ್ಡದು ಅಂತ ಕೇಳಿದರಲ್ಲ? ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು ಅನ್ನುವುದನ್ನು ಆತನು ಧರ್ಮೋಪದೇಶಕಾಂಡದಿಂದ ತೆಗೆದು ಹೇಳಿದನು. ಎರಡನೆಯದು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದು. ಅದು ಎಲ್ಲಿಂದ ಬಂತು? ಇದೇ ಯಾಜಕಕಾಂಡ 19ರ 18ನೇ ವಚನದಿಂದ! ನಾವು ಬೋರು ಅಂತ ಬದಿಗಿಟ್ಟ ಪುಸ್ತಕದೊಳಗೆ ಆ ಮಾತು ಕೂತಿದೆ. ಇದು ಗೊತ್ತಾದ ದಿನ ನನಗೆ ನಾಚಿಕೆಯೇ ಆಯಿತು.

ಆ ಮಾತಿನ ಸುತ್ತಮುತ್ತ ಏನಿದೆ ನೋಡು. ಹೊಲ ಕೊಯ್ಯುವಾಗ ಅಂಚಿನವರೆಗೆ ಕೊಯ್ಯಬೇಡ, ಬಿದ್ದ ತೆನೆಯನ್ನು ಆರಿಸಬೇಡ, ಬಡವರಿಗೂ ಪರದೇಶದವರಿಗೂ ಬಿಡು ಅಂತ 9, 10ನೇ ವಚನದಲ್ಲಿದೆ. ಮುಂದೆ ಪರದೇಶದ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ಹೊಟ್ಟೆ ಹೊರೆದದ್ದು ಇಂಥ ನಿಯಮ ಇದ್ದದ್ದರಿಂದಲೇ. ಆ ರೂತಳ ಹೆಸರು ಮತ್ತಾಯನ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿಯಲ್ಲಿ ಬರುತ್ತದೆ. ಹೊಲದ ಅಂಚು ಎಲ್ಲಿಗೆ ಹೋಗಿ ಮುಟ್ಟಿತು ನೋಡು. 14ರಲ್ಲಿ ಕಿವುಡನನ್ನು ಬೈಯಬೇಡ ಅಂತಿದೆ. ಅವನಿಗೆ ಕೇಳಿಸುವುದೇ ಇಲ್ಲ, ಆದರೂ ಬೈಯಬೇಡ. ಇದನ್ನು ನಾನು ಎಷ್ಟು ದಿನ ಯೋಚಿಸಿದ್ದೇನೋ. ಎದುರಿಗೆ ಇಲ್ಲದವರ ಬಗ್ಗೆ ನಾವು ಆಡುವ ಮಾತೂ ಅವರಿಗೆ ಕೇಳಿಸುವುದಿಲ್ಲ, ಅಲ್ವಾ? 16ರಲ್ಲಿ ಚಾಡಿ ಹೇಳುತ್ತಾ ತಿರುಗಬೇಡ ಅಂತಿದೆ. ಹೂವಿನ ಚಿತ್ರದ ಮೇಲೆ ಎಷ್ಟೋ ವಚನ ಈ ಗ್ರೂಪಿಗೆ ಬಂದಿವೆ, ಇದೊಂದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಿಲ್ಲ. ನಾನೂ ಮಾಡಿಲ್ಲ.

ಒಂದು ಸಣ್ಣ ವಿಷಯ ಹೇಳುತ್ತೇನೆ. 13ನೇ ವಚನದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತಿದೆ. ಓದಿದೆ, ಒಳ್ಳೆಯ ಮಾತು ಅಂದುಕೊಂಡೆ, ಪುಸ್ತಕ ಮುಚ್ಚಿದೆ. ಆ ದಿನ ಯಾಕೋ ಅದು ಬಾಯಲ್ಲೇ ಇತ್ತು. ಬೆಳಗಿನ ತನಕ, ಬೆಳಗಿನ ತನಕ ಅಂತ. ಮಧ್ಯಾಹ್ನ ಬಟ್ಟೆ ಮಡಚುವಾಗ ತಟ್ಟನೆ ನೆನಪಾಯಿತು. ಮನೆಯ ಪೈಪ್ ರಿಪೇರಿ ಮಾಡಿದವರಿಗೆ ಅರ್ಧ ದುಡ್ಡು ಬಾಕಿ ಇತ್ತು. ಚಿಲ್ಲರೆ ಇಲ್ಲ, ನಾಳೆ ಬನ್ನಿ ಅಂದಿದ್ದೆ. ಅವರು ಎರಡು ಸಲ ಬಂದು ಹೋಗಿದ್ದರು. ನನಗೆ ಅದು ನೆನಪಿಡುವಷ್ಟು ದೊಡ್ಡ ವಿಷಯವೇ ಆಗಿರಲಿಲ್ಲ. ಆಗಲೇ ಫೋನ್ ಮಾಡಿ ಕರೆಸಿ ಕೊಟ್ಟೆ. ಅವರು ಆಶ್ಚರ್ಯಪಟ್ಟರು. ನನಗೆ ಮಾತ್ರ ಒಳಗೊಳಗೇ ಚುಚ್ಚಿತು. ಬೆಳಿಗ್ಗೆ ಮೂರು ಅಧ್ಯಾಯ ಓದಿ ಟಿಕ್ ಹಾಕಿದ್ದರೆ ಆ ಬಾಕಿ ಇನ್ನೂ ಹಾಗೇ ಇರುತ್ತಿತ್ತು.

ಬಾಯಲ್ಲೇ ಇತ್ತು ಅಂದೆನಲ್ಲ, ಅದರ ಬಗ್ಗೆ. ಒಂದನೇ ಕೀರ್ತನೆಯಲ್ಲಿ ಕರ್ತನ ಧರ್ಮಶಾಸ್ತ್ರವನ್ನು ಹಗಲೂ ರಾತ್ರಿ ಧ್ಯಾನಿಸುವವನು ಧನ್ಯನು ಅಂತಿದೆ. ಧ್ಯಾನ ಅಂದ ಕೂಡಲೇ ನಮಗೆ ಕಣ್ಣು ಮುಚ್ಚಿ, ಬಾಯಿ ಮುಚ್ಚಿ ಕೂರುವುದು ಕಣ್ಣಿಗೆ ಬರುತ್ತದೆ. ಅಲ್ಲಿರುವ ಹೀಬ್ರೂ ಪದ ಹಾಗಾ. ಅದಕ್ಕೆ ಗೊಣಗುವುದು, ಮೆಲ್ಲಗೆ ಉಸುರುವುದು ಅಂತ ಅರ್ಥ. ಯೆಶಾಯನ ಪುಸ್ತಕದಲ್ಲಿ ಸಿಂಹವು ತಾನು ಹಿಡಿದ ಬೇಟೆಯ ಮೇಲೆ ನಿಂತು ಗುರುಗುಟ್ಟುತ್ತದೆ ಅನ್ನುವಾಗ ಇದೇ ಪದ. ಪಾರಿವಾಳ ನರಳುತ್ತದೆ ಅನ್ನುವಾಗಲೂ ಇದೇ. ಹಸು ಮೆಲುಕು ಹಾಕುವ ಹಾಗೆ ಅಂತ ನಾನು ಹೇಳುವುದುಂಟು, ಆದರೆ ಸಿಂಹವೇ ಚೆನ್ನಾಗಿದೆ. ಸಿಕ್ಕಿದ್ದನ್ನು ಬಿಡುವುದಿಲ್ಲ ನೋಡು. ಹಾಗಾಗಿ ಧ್ಯಾನಕ್ಕೆ ಬೇರೆ ಟೈಮ್ ಇಲ್ಲ ಅಂತ ಕೊರಗಬೇಡ. ಬೆಳಿಗ್ಗೆ ಒಂದು ವಚನವನ್ನು ಬಾಯಿ ಬಿಟ್ಟು ಓದು. ಬಸ್ಸಿನಲ್ಲಿ ಗೊಣಗು. ಯಾರ ಮೇಲಾದರೂ ಸಿಟ್ಟು ಬಂದಾಗ ಗೊಣಗು, ಅವರಿಗೆ ಬೈಯುವುದಾದರೂ ತಪ್ಪುತ್ತದೆ.

ಆದರೆ ಒಂದು ವಚನ ಹಿಡಿ ಅಂದರೆ ಅದನ್ನು ಕಿತ್ತುಕೊಂಡು ಓಡು ಅಂತ ಅಲ್ಲ. ಇದರಲ್ಲಿ ನಾನು ಒಮ್ಮೆ ಜೋರಾಗಿ ಎಡವಿದ್ದೇನೆ. ನಿನ್ನ ಮಾವನ ಕೆಲಸ ಹೋದಾಗ ಯೆರೆಮೀಯ 29ರ 11ನೇ ವಚನ ಬರೆದು ಕನ್ನಡಿಗೆ ಅಂಟಿಸಿದ್ದೆ. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಕೇಡಿನದ್ದಲ್ಲ, ಹಿತದ್ದು ಅಂತ ಕರ್ತನು ಹೇಳುವ ಮಾತು. ದಿನಾ ಓದುತ್ತಿದ್ದೆ. ಒಂದು ತಿಂಗಳು ಆಯಿತು, ಮೂರು ಆಯಿತು, ಆರು ಆಯಿತು. ಕೆಲಸ ಇಲ್ಲ. ಕೊನೆಗೆ ಆ ಚೀಟಿ ನೋಡಿದರೆ ಸಿಟ್ಟು ಬರುತ್ತಿತ್ತು. ಒಂದು ದಿನ ಸಿಟ್ಟಿನಲ್ಲೇ ಆ ಅಧ್ಯಾಯವನ್ನು ಮೊದಲಿಂದ ಓದಿದೆ.

ಅದು ಒಂದು ಪತ್ರ, ಪುಟ್ಟಿ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಅಂದಿದ್ದ. ಅದು ಸುಳ್ಳು ಪ್ರವಾದನೆ. ಯೆರೆಮೀಯನ ಪತ್ರದಲ್ಲಿ, ನನ್ನ 11ನೇ ವಚನಕ್ಕೆ ಅಂಟಿಕೊಂಡ ಹಾಗೆ ಮೇಲಿನ ವಚನದಲ್ಲೇ, ತಿರುಗಿ ಬರುವುದಕ್ಕೆ 70 ವರ್ಷ ಆಗಬೇಕು ಅಂತ ಇದೆ. ಎಪ್ಪತ್ತು! ನಾನು ಅಂಟಿಸಿಕೊಂಡದ್ದು ಯೆರೆಮೀಯನ ಮಾತು, ಮನಸ್ಸಿನಲ್ಲಿ ಓದುತ್ತಿದ್ದದ್ದು ಹನನ್ಯನದ್ದು. ಇನ್ನೂ ಮೇಲೆ ನೋಡಿದರೆ ಮನೆ ಕಟ್ಟಿಕೊಂಡು ವಾಸಮಾಡಿ, ತೋಟ ಮಾಡಿಕೊಳ್ಳಿ, ನೀವಿರುವ ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂತಿದೆ. ಸೆರೆಹಿಡಿದವರ ಪಟ್ಟಣಕ್ಕಾಗಿ. ಆ ಆರು ತಿಂಗಳು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ, ಕೆಲಸ ಸಿಕ್ಕ ಮೇಲೆ ನೋಡೋಣ. ಮಗಳ ಸಂಗೀತದ ಪಾಠ, ಸೋರುವ ನಲ್ಲಿ, ಪಕ್ಕದ ಮನೆಯವರನ್ನು ಕರೆಯುವುದು, ಎಲ್ಲಾ ಆಮೇಲೆ. ಅವತ್ತು ನಲ್ಲಿ ಸರಿಮಾಡಿಸಿದೆವು. ಕೇಳಿದರೆ ನಗು ಬರುತ್ತದೆ, ಆದರೆ ಅದೇ ಶುರು. ಕೆಲಸ ಸಿಕ್ಕಿದ್ದು ಅದಾಗಿ ಎಷ್ಟೋ ದಿನದ ಮೇಲೆ.

ಅಂದಹಾಗೆ, ಪತ್ರ ಬರೆದವರು ಯಾರೂ ನಂಬರ್ ಹಾಕಿ ಬರೆದಿರಲಿಲ್ಲ. ಈಗಿರುವ ಅಧ್ಯಾಯಗಳ ವಿಭಾಗ 13ನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಅನ್ನುವ ಇಂಗ್ಲಿಷ್ ಪಾದ್ರಿಯ ಕೆಲಸ ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ನಾವು ಬಳಸುವ ವಚನ ಸಂಖ್ಯೆ ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಅನುಕೂಲ, ಅಷ್ಟೇ. ಇವತ್ತಿನ ಮೂರು ಅಧ್ಯಾಯ ಮುಗಿಯಲಿಲ್ಲ ಅಂತ ರಾತ್ರಿ ನಿದ್ದೆ ಕೆಡಿಸಿಕೊಳ್ಳುವಷ್ಟು ದೊಡ್ಡದಲ್ಲ ಆ ನಂಬರು.

ಏನೂ ತಾಗದ ದಿನವೂ ಬರುತ್ತದೆ. ಓದುತ್ತೀಯ, ಗೊಣಗುತ್ತೀಯ, ಒಳಗೆ ಮರಳು. ಅದನ್ನು ನಂಬಿಕೆ ಕಡಿಮೆ ಅಂತ ಬರೆದುಕೊಳ್ಳಬೇಡ. 88ನೇ ಕೀರ್ತನೆ ತೆಗೆದು ನೋಡು. ಉಳಿದ ಅಳುವ ಕೀರ್ತನೆಗಳ ಹಾಗೆ ಕೊನೆಗೆ ಸಮಾಧಾನಕ್ಕೆ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಯಾರೂ ಕಿತ್ತು ಹಾಕಲಿಲ್ಲ, 150ರಲ್ಲಿ ಒಂದಾಗಿ ಇಟ್ಟುಕೊಂಡರು.

ಇನ್ನೊಂದು ಮಾತು. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬನು ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಾ ಹೋಗುತ್ತಿದ್ದನು. ಬಾಯಿ ಬಿಟ್ಟು ಓದುತ್ತಿದ್ದದ್ದಕ್ಕೇ, ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನಿಗೆ ಕೇಳಿಸಿತು. ಓದುವುದು ತಿಳಿಯುತ್ತದೋ ಅಂತ ಫಿಲಿಪ್ಪನು ಕೇಳಿದರೆ, ಯಾರಾದರೂ ದಾರಿ ತೋರಿಸದೆ ಹೇಗೆ ತಿಳಿದೀತು ಅಂದನು. ಅಷ್ಟು ದೊಡ್ಡ ಅಧಿಕಾರಿ, ನಾಚಿಕೆ ಪಡದೆ ಪಕ್ಕದಲ್ಲಿ ಕೂರಿಸಿಕೊಂಡನು. ನೀನು ಹತ್ತು ದಿನ ಒಬ್ಬಳೇ ಕೊರಗಿದ್ದೀಯ, ಅದೊಂದು ನನಗೆ ಇಷ್ಟವಾಗಲಿಲ್ಲ. ನನಗೂ ಎಲ್ಲಾ ತಿಳಿದಿದೆ ಅಂತಲ್ಲ. ಇಬ್ಬರೂ ಸೇರಿ ತಡಕಾಡಬಹುದು.

ನಾಳೆ ಬೆಳಿಗ್ಗೆ ನೀನು ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡುತ್ತೇನೆ. ಹತ್ತು ನಿಮಿಷ ಸಾಕು. 19ನೇ ಅಧ್ಯಾಯ, ನೀನು ಒಂದು ವಚನ, ನಾನು ಒಂದು. ದೊಡ್ಡಣ್ಣ, ನೀವೂ ಕಾಲ್‌ಗೆ ಬನ್ನಿ. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕು ಅನ್ನುವ 32ನೇ ವಚನ ಇದೆ, ಅದನ್ನು ನಿಮಗೇ ಇಟ್ಟಿರುತ್ತೇವೆ.