ಹಿಮ, ಮಂಜು, ಇಬ್ಬನಿ: ಮೊಲದ ಹೆಜ್ಜೆ ಮೂಡುವುದು ಯಾವುದರ ಮೇಲೆ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿರಸಿ ತಾಲ್ಲೂಕಿನ ನಮ್ಮೂರ ಶಾಲೆಯ ಮಕ್ಕಳಿಗಾಗಿ ಒಂದು ಓದುಪುಟ ಸಿದ್ಧಪಡಿಸುತ್ತಿದ್ದೇನೆ. ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ ಚಳಿಗಾಲದ ಕಾಡು ಹೇಗಿರುತ್ತದೆ ಎಂಬುದು ವಿಷಯ. ಅಲ್ಲಿ ಡಿಸೆಂಬರಿನ ಸುಮಾರಿಗೆ ಕೆಲವು ವಾರ ಸೂರ್ಯ ಮೇಲೇಳುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಗುವ ನಸುಬೆಳಕಿನಲ್ಲೇ ಹಳ್ಳಿಯ ಜನ ಸ್ಕೀ ಕಟ್ಟಿಕೊಂಡು, ಪ್ರಾಣಿಗಳ ಜಾಡು ಹುಡುಕುತ್ತ ಕಾಡು ಸುತ್ತುತ್ತಾರೆ. ಬರೆಯಲು ಕುಳಿತರೆ, ಅವರ ಕಾಲ ಕೆಳಗಿರುವ ಆ ಬಿಳಿಯದಕ್ಕೆ ಏನೆನ್ನಬೇಕು ಎಂಬಲ್ಲೇ ಲೇಖನಿ ನಿಂತುಬಿಡುತ್ತದೆ.

ಕರಡು ತಿದ್ದಿದ ಸ್ನೇಹಿತರೊಬ್ಬರು ‘ಮಂಜಿನ ಮೇಲೆ ಮೊಲದ ಹೆಜ್ಜೆ’ ಎಂದು ಬರೆದಿದ್ದಾರೆ. ಬಳಕೆ ತಪ್ಪೆನ್ನುವಂತಿಲ್ಲ. ಮಂಜುಗಡ್ಡೆ ಎನ್ನುತ್ತೇವೆ, ಕಾಶ್ಮೀರದಲ್ಲಿ ಮಂಜು ಸುರಿಯಿತು ಎಂದೂ ಓದುತ್ತೇವೆ. ಆದರೆ ಶಿರಸಿ, ಸಿದ್ದಾಪುರದ ಮಗುವಿಗೆ ಮಂಜೆಂದರೆ ಬೆಳಗಿನ ಜಾವ ಕಣಿವೆಯ ತೋಟದ ಮೇಲೆ ಕವಿದು ಅಡಿಕೆ ಮರಗಳ ತಲೆಯನ್ನೇ ಮರೆಮಾಡುವಂಥದ್ದು. ಅದರ ಮೇಲೆ ಮೊಲ ಓಡಿದರೆ ಹೆಜ್ಜೆ ಎಲ್ಲಿ ಮೂಡಬೇಕು?

ನಮ್ಮ ಕಡೆ ಈ ಮಾತುಗಳ ನಡುವಿನ ಗೆರೆ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಗಾಳಿಯ ತೇವ ತಣ್ಣಗಾದ ಎಲೆ, ಹುಲ್ಲುಗಳನ್ನು ಮುಟ್ಟಿ ನೀರಾದರೆ ಅದು ಇಬ್ಬನಿ; ಗಾಳಿಯಲ್ಲೇ ಸಣ್ಣ ಹನಿಗಳಾಗಿ ತೇಲುತ್ತ ಉಳಿದರೆ ಮಂಜು. ಕ್ರಿಯಾಪದಗಳೂ ಇದನ್ನೇ ಹೇಳುತ್ತವೆ: ಮಂಜು ಕವಿಯುತ್ತದೆ, ಹರಿಯುತ್ತದೆ, ಇಬ್ಬನಿ ಬೀಳುತ್ತದೆ, ಬಿಸಿಲೇರಿದಂತೆ ಆರುತ್ತದೆ. ಅಂಗಳದಲ್ಲಿ ಚಾಲಿ ಅಡಿಕೆ ಹರವಿದ ಮನೆಯವರು ಸಂಜೆ ಅದನ್ನು ಮುಚ್ಚಿಡುವುದು ಇಬ್ಬನಿಗೆ ಹೆದರಿ. ಬೆಳಿಗ್ಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನ ಚಾಲಕ ದೀಪ ಹಾಕುವುದು ಮಂಜಿಗಾಗಿ. ಕಾವಳ ಎಂಬ ಒಳ್ಳೆಯ ಪದವೂ ಇದೆ. ಆದರೆ ಅದಕ್ಕೆ ಕತ್ತಲೆ ಎಂಬ ಅರ್ಥವೂ ಇರುವುದರಿಂದ ಮಕ್ಕಳ ಪುಟದಲ್ಲಿ ಅದನ್ನು ಬಳಸುತ್ತಿಲ್ಲ.

ಹಾಗಾದರೆ ‘ಹಿಮ’ ಎಂದು ಬರೆದರೆ ಮುಗಿಯಿತಲ್ಲ ಎನ್ನಬಹುದು. ನನ್ನ ಒಲವೂ ಅದರ ಕಡೆಗೇ. ಆದರೆ ಮೈಸೂರು ಸೀಮೆಯಲ್ಲಿ ‘ಹಿಮ ಬೀಳುತ್ತಿದೆ, ತಲೆಗೆ ಬಟ್ಟೆ ಕಟ್ಟಿಕೋ’ ಎಂದರೆ ಅದು ಇಬ್ಬನಿಯೇ. ನೆರೆಯ ಭಾಷೆಗಳದ್ದೂ ಇದೇ ಕಥೆ. ನಮ್ಮ ಹನಿಯ ಹಳೆಯ ರೂಪ ಪನಿ. ತಮಿಳಿನಲ್ಲಿ ಅದೇ ಪನಿ ಇಬ್ಬನಿಗೂ ಮಂಜಿಗೂ ಹಿಮಕ್ಕೂ ಸಲ್ಲುತ್ತದೆ. ಮಲಯಾಳದ ಮಂಜೂ ಅಷ್ಟೇ. ಹಿಮವನ್ನೇ ಕಾಣದ ನಾಡಿನವರು ಇದ್ದ ಮಾತನ್ನೇ ಹಿಗ್ಗಿಸಿಕೊಂಡಿದ್ದಾರೆ, ಅದು ಸಹಜ. ಆದರೆ ವಿಜ್ಞಾನದ ಬರಹದಲ್ಲಿ ಹಿಮ, ಮಂಜು, ಇಬ್ಬನಿ ಮೂರನ್ನೂ ಬೇರೆಬೇರೆಯಾಗಿಯೇ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಲದ ಮೇಲೆ ರಾಶಿಯಾಗಿ ಕೂರುವುದು ಹಿಮ ಮಾತ್ರ.

ಇಷ್ಟರಿಂದಲೇ ಕೆಲಸ ಆಗುವುದಿಲ್ಲ. ಅಲ್ಲಿನ ಪ್ರಾಣಿಗಳ ಬದುಕು ನಿಂತಿರುವುದೇ ಹಿಮದ ಬಗೆಗಳ ಮೇಲೆ. ಹೊಸದಾಗಿ ಬಿದ್ದ ಸಡಿಲ ಹಿಮದಲ್ಲಿ ಗಾಳಿ ತುಂಬಿರುತ್ತದೆ, ಹಾಗಾಗಿ ಅದು ಚಳಿಯನ್ನು ತಡೆಯುತ್ತದೆ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ಇಲಿಗಳು ಚಳಿಗಾಲವಿಡೀ ಓಡಾಡಿಕೊಂಡಿರುತ್ತವೆ. ನರಿ ಮೇಲೆ ನಿಂತು ಕಿವಿಗೊಟ್ಟು ಆಲಿಸಿ, ನೆಗೆದು ಮೂತಿಯನ್ನು ಹಿಮದೊಳಗೆ ತೂರಿಸಿ ಅವುಗಳನ್ನು ಹಿಡಿಯುತ್ತದೆ. ನಮ್ಮ ಕಾಡುಕೋಳಿಯ ಕುಟುಂಬಕ್ಕೇ ಸೇರಿದ ಗ್ರೌಸ್ ಹಕ್ಕಿಗಳು ಇಂಥ ಸಡಿಲ ಹಿಮದೊಳಗೆ ಹುದುಗಿ ರಾತ್ರಿ ಕಳೆಯುತ್ತವೆ. ಈ ಹಿಮಕ್ಕೆ ‘ಹುಡಿಹಿಮ’ ಎಂದಿದ್ದೇನೆ. ಹಕ್ಕಿ ಹುದುಗುವ ಜಾಗಕ್ಕೆ ಗೂಡು ಎಂದರೆ ಮೊಟ್ಟೆ ನೆನಪಾಗುತ್ತದೆ, ಬಿಲ ಎಂದರೆ ಹಾವು. ಏಡಿ ಗುದ್ದು ಎನ್ನುತ್ತೇವಲ್ಲ, ಆ ‘ಗುದ್ದು’ ಹೊಂದೀತೇ?

ನಡುಚಳಿಗಾಲದಲ್ಲಿ ಮಳೆ ಬಂದು ಮತ್ತೆ ಹೆಪ್ಪುಗಟ್ಟಿದರೆ ಹಿಮದ ಮೇಲ್ಮೈ ಗಡುಸಾಗುತ್ತದೆ. ಅಡಿಯಲ್ಲಿರುವ ಕಲ್ಲುಹೂವನ್ನು ಗೊರಸಿನಿಂದ ಕೆದರಿ ತಿನ್ನುವ ಹಿಮಸಾರಂಗಗಳಿಗೆ ಆಗ ಮೇವು ಸಿಗುವುದಿಲ್ಲ. ಅವನ್ನು ಸಾಕುವ ಸಾಮಿ ಜನರ ಭಾಷೆಯಲ್ಲಿ ಹಿಮಕ್ಕೆ ಬಹಳಷ್ಟು ಪದಗಳಿರುವುದು ಈ ಕಾರಣಕ್ಕೇ. ಅವು ಅವರ ಕಸುಬಿನ ಮಾತುಗಳು. ಈ ಗಡುಸು ಪದರಕ್ಕೆ ಸ್ನೇಹಿತರು ‘ಕೆನೆಗಟ್ಟಿದ ಹಿಮ’ ಎಂದಿದ್ದಾರೆ. ಕೆನೆ ಮೆತ್ತಗಿನದು, ಬೆರಳಿಟ್ಟರೆ ಹರಿಯುತ್ತದೆ. ಪ್ರಾಣಿಯ ಕಾಲನ್ನೇ ಗೀರಬಲ್ಲ ಪದರಕ್ಕೆ ಅದು ಸಲ್ಲದು. ಗಾಯ ಒಣಗಿದಾಗ ಕಟ್ಟುವ ಹಕ್ಕಳೆಯಿಂದ ‘ಹಕ್ಕಳೆ ಹಿಮ’ ಎಂದು ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ದಯವಿಟ್ಟು ತಿಳಿಸಿ.

ಮೊಲದ ವಿಚಾರಕ್ಕೆ ಬಂದರೆ, ಅಲ್ಲಿನ ಮೊಲ ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ. ಈ ಬದಲಾವಣೆಗೆ ಹಿಮ ಕಾರಣವಲ್ಲ, ಹಗಲು ಗಿಡ್ಡವಾಗುವುದು ಕಾರಣ. ಹಿಮ ತಡವಾದ ವರ್ಷ ಕಂದು ನೆಲದ ಮೇಲೆ ಬಿಳಿ ಮೊಲ ಎದ್ದು ಕಂಡು ಬೇಟೆಗೆ ಸಿಕ್ಕಿಬೀಳುತ್ತದೆ. ಅದು ಓಡಿದ ಗುರುತಿನಲ್ಲಿ ದೊಡ್ಡ ಹಿಂಗಾಲುಗಳು ಜೋಡಿಯಾಗಿ ಮುಂದೆ, ಸಣ್ಣ ಮುಂಗಾಲುಗಳು ಒಂದರ ಹಿಂದೊಂದರಂತೆ ಹಿಂದೆ ಮೂಡಿರುತ್ತವೆ. ನಮ್ಮ ಗದ್ದೆಯಂಚಿನ ಮಣ್ಣಿನಲ್ಲೂ ಮಕ್ಕಳು ಇದನ್ನು ನೋಡಬಹುದು.

ಇಲ್ಲಿ ಒಂದೊಂದು ಗುರುತಿಗೆ ‘ಹೆಜ್ಜೆ’, ಉದ್ದಕ್ಕೂ ಸಾಗಿದ ಸಾಲಿಗೆ ‘ಜಾಡು’ ಎಂದು ಬೇರ್ಪಡಿಸಿದ್ದೇನೆ. ಕಾರವಾರ, ಹೊನ್ನಾವರದ ಕಡೆಯ ಸದಸ್ಯರಲ್ಲಿ ಒಂದು ಪ್ರಶ್ನೆ. ಚಳಿಗಾಲದ ರಾತ್ರಿಗಳಲ್ಲಿ ಮೊಟ್ಟೆಯಿಡಲು ಮರಳೇರುವ ಕಡಲಾಮೆ ಹೆಜ್ಜೆಯೂರಿ ನಡೆಯುವುದಿಲ್ಲ, ಮೈಯನ್ನು ಎಳೆದುಕೊಂಡು ಹೋಗುತ್ತದೆ. ಆ ಗುರುತಿಗೆ ನಿಮ್ಮ ಮೀನುಗಾರರು ಏನೆನ್ನುತ್ತಾರೆ? ಹಿಮದ ಮೇಲೆ ಹೊಟ್ಟೆ ಜಾರಿಸಿಕೊಂಡು ಹೋಗುವ ನೀರುನಾಯಿಯ ಗುರುತಿಗೂ ಅದೇ ಪದ ಒಪ್ಪಬಹುದು.