ಪಿಲ್ ಜೊತೆ ಏನೇನು ನುಂಗಬಹುದು? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಸ್ತ್ರೀರೋಗ ತಜ್ಞೆ ಮೇಡಂ ಬಂದಿದ್ದಾರೆ. ವಿಷಯ: ಗರ್ಭನಿರೋಧಕ ಮಾತ್ರೆ ತಗೊಳ್ಳುವವರು ಬೇರೆ ವಿಟಮಿನ್, ಸಪ್ಲಿಮೆಂಟ್ ತಗೋಬಹುದಾ? ಹೆಸರು ಬೇಡ, ಊರು ಹಾಕಿ ಸಾಕು.

ಹಾಸನ: ಮೇಡಂ, ಮಾಲಾ-ಡಿ ತಗೊಳ್ತಿದ್ದೀನಿ. ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಕೊಟ್ಟಿದ್ದಾರೆ. ಎರಡೂ ಆಗುತ್ತಾ?

ಡಾಕ್ಟರ್: ಆಗುತ್ತೆ. ನಿಮ್ಮ ಪ್ಯಾಕೆಟ್ಟಿನಲ್ಲಿ ಬಣ್ಣ ಬೇರೆ ಇರುವ ಕೊನೆಯ 7 ಮಾತ್ರೆಗಳು ಐರನ್ನೇ. ಹಾರ್ಮೋನ್ ಇರೋದು ಮೊದಲ 21ರಲ್ಲಿ. ಐರನ್ನನ್ನು ಕಾಫಿ, ಕ್ಯಾಲ್ಸಿಯಂ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ. ಪಿಲ್‌ಗೆ ಅದರಿಂದ ಏನೂ ಆಗಲ್ಲ.

ತುಮಕೂರು: ವಿಟಮಿನ್ ಡಿ, ಬಿ12, ಫೋಲಿಕ್ ಆಸಿಡ್?

ಡಾಕ್ಟರ್: ಮೂರೂ ತಗೋಬಹುದು.

ಮ್ಯೂನಿಕ್: ನಮಸ್ತೆ ಮೇಡಂ, ನಮ್ಮೂರು ಚಿಕ್ಕಮಗಳೂರು. ಎರಡು ವರ್ಷದಿಂದ ಪಿಲ್, ಒಂದು ದಿನವೂ ತಪ್ಪಿಸಿಲ್ಲ. ಇಲ್ಲಿ ಚಳಿಗಾಲ ಬಂದರೆ ಮನಸ್ಸೇ ಸರಿ ಇರಲ್ಲ. ಚೀಟಿ ಇಲ್ಲದೆ ಸಿಗುವ ಗಿಡಮೂಲಿಕೆ ಕ್ಯಾಪ್ಸೂಲ್, ಯೊಹಾನಿಸ್‌ಕ್ರೌಟ್ ಅಂತ, ಆರು ವಾರದಿಂದ ತಗೊಳ್ತಿದ್ದೀನಿ. ಈಗ ಪ್ಯಾಕ್ ಮಧ್ಯದಲ್ಲೇ ರಕ್ತ ಕಾಣಿಸ್ತಿದೆ. ವಿಟಮಿನ್ ಕೊರತೆಯಾ?

ಡಾಕ್ಟರ್: ವಿಟಮಿನ್ ಅಲ್ಲ, ಆ ಕ್ಯಾಪ್ಸೂಲ್ ಮೇಲೆಯೇ ನನ್ನ ಅನುಮಾನ. ಇಂಗ್ಲಿಷಿನವರು ಸೇಂಟ್ ಜಾನ್ಸ್ ವರ್ಟ್ ಅನ್ನೋದು ಇದನ್ನೇ. ಪಿಲ್‌ನ ಹಾರ್ಮೋನನ್ನು ಒಡೆದು ಹೊರಹಾಕುವ ಕೆಲಸ ಲಿವರಿನ ಕಿಣ್ವಗಳದ್ದು. ಈ ಮೂಲಿಕೆ ಆ ಕಿಣ್ವಗಳನ್ನು ಹೆಚ್ಚಿಸುತ್ತೆ. ನೀವು ದಿನಾ ತಪ್ಪದೆ ನುಂಗಿದರೂ ರಕ್ತದಲ್ಲಿ ಬೇಕಾದಷ್ಟು ಹಾರ್ಮೋನ್ ಉಳಿಯಲ್ಲ. ನಡುವೆ ರಕ್ತ ಕಾಣೋದು ಅದರ ಸೂಚನೆ ಇರಬಹುದು. ಪಿಲ್ ಮೇಲಿರುವವರು ಇದನ್ನು ಮುಟ್ಟಬಾರದು ಅಂತ ಬ್ರಿಟನ್ನಿನ ಔಷಧ ನಿಯಂತ್ರಕರು 2014ರಲ್ಲೇ ಎಚ್ಚರಿಸಿದ್ದಾರೆ.

ಇವತ್ತೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಇವತ್ತಿನಿಂದಲೇ ಕಾಂಡೋಮ್. ಕ್ಯಾಪ್ಸೂಲ್ ಬಿಟ್ಟ ಮೇಲೂ 4 ವಾರ ಕಾಂಡೋಮ್ ಬೇಕು, ಕಿಣ್ವಗಳು ಬಿಟ್ಟ ದಿನವೇ ಇಳಿಯಲ್ಲ. ಕಳೆದ 5 ದಿನದೊಳಗೆ ಸೇರಿದ್ದರೆ ಅಲ್ಲಿನ ಡಾಕ್ಟರ್ ಹತ್ತಿರ ಕಾಪರ್-ಟಿ ಬಗ್ಗೆ ಕೇಳಿ. ಇದರ ಕಾಟ ಕಾಪರ್-ಟಿಗೆ ಇಲ್ಲ, ತುರ್ತು ಮಾತ್ರೆಗೆ ಇದೆ.

ಇನ್ನೊಂದು ಮಾತು. ಮನಸ್ಸು ಸರಿ ಇಲ್ಲ ಅಂದಿರಲ್ಲ, ಅದನ್ನು ನಾನು ಹಗುರವಾಗಿ ತಗೊಳ್ತಿಲ್ಲ. ಕ್ಯಾಪ್ಸೂಲ್ ಬಿಟ್ಟು ಸುಮ್ಮನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಖಿನ್ನತೆಗೆ ಬೇರೆ ಮಾತ್ರೆಯೂ ನಡೀತಿದೆಯಾ? ಎರಡೂ ಸೇರಿದರೆ ಅಪಾಯ, ದಯವಿಟ್ಟು ತಿಳಿಸಿ.

ಟಿಬಿಗೆ ರಿಫಾಂಪಿಸಿನ್, ಫಿಟ್ಸಿಗೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ತಗೊಳ್ಳುವವರೂ ಕೇಳಿಸಿಕೊಳ್ಳಿ. ನಿಮ್ಮದೂ ಇದೇ ಕಥೆ. ಆ ಔಷಧ ನಿಲ್ಲಿಸಬೇಡಿ, ಗರ್ಭನಿರೋಧಕದ ದಾರಿ ಬದಲಿಸಿ.

ಶಿವಮೊಗ್ಗ: ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇರಲ್ಲ ಮೇಡಂ. ನಮ್ಮ ಗುಂಪಿಗೆ ಬಂದಿದ್ದು: "ಪಿಲ್‌ನ ವಿಷ ಇಳಿಸಲು ಮೆಂತ್ಯ, ಜೇಷ್ಠಮಧು ಕಷಾಯ, 21 ದಿನ ಖಾಲಿ ಹೊಟ್ಟೆಗೆ. 10 ಜನಕ್ಕೆ ಕಳಿಸಿ."

ಡಾಕ್ಟರ್: ಕಣಗಿಲೆಯೂ ಗಿಡವೇ. ಜೇಷ್ಠಮಧುವನ್ನು ದಿನಾ ಕುಡಿದರೆ ಬಿಪಿ ಏರಬಹುದು, ಪಿಲ್ ಕೂಡ ಕೆಲವರಿಗೆ ಬಿಪಿ ಏರಿಸುತ್ತೆ. ಇಳಿಸೋಕೆ ಅಲ್ಲಿ ವಿಷ ಯಾವುದೂ ಇಲ್ಲ. 10 ಜನಕ್ಕೆ ಕಳಿಸಬೇಡಿ.

ಶಿವಮೊಗ್ಗ: ನಮ್ಮಜ್ಜಿ ಎಂಟು ಹೆತ್ತರು, ಒಂದು ಮಾತ್ರೆ ಮುಟ್ಟಲಿಲ್ಲ.

ಧಾರವಾಡ: ಮಾತ್ರಿ ಇರಲಿಲ್ಲಂತನ ಎಂಟು ಆಗ್ಯಾವ್ರಿ ಅಕ್ಕಾರ.

ಶಿವಮೊಗ್ಗ: ಹಿರಿಯರ ಬಗ್ಗೆ ನಾಲಿಗೆ ಹಿಡಿದು ಮಾತಾಡಿ.

ಧಾರವಾಡ: ಅಜ್ಜಿಗಲ್ರೀ ಅಂದಿದ್ದು, ನಿಮ್ಮ ಫಾರ್ವರ್ಡಿಗೆ.

ಸಾಗರ: ಆಯುರ್ವೇದ ಅಂದರೆ ಎಲ್ಲರಿಗೂ ಸಸಾರ ಆಗಿಬಿಟ್ಟಿದೆ.

ಧಾರವಾಡ: ಆಯುರ್ವೇದದ ಡಾಕ್ಟರ್ ನಾಡಿ ನೋಡಿ ಔಷಧ ಕೊಡ್ತಾರ್ರಿ. "10 ಜನಕ್ಕೆ ಕಳಿಸಿ" ಅನ್ನಂಗಿಲ್ಲ.

ಅಡ್ಮಿನ್: ವಿಷಯಕ್ಕೆ ಬನ್ನಿ ಎಲ್ಲರೂ 🙏

ಗದಗ: ಮೇಡಂ, ಕೂದಲು ಉದುರೋದಕ್ಕೆ ಬಯೋಟಿನ್ ತಗೊಂಡರೆ ಪಿಲ್ ಕೆಲಸ ಮಾಡುತ್ತಾ?

ಮಂಡ್ಯ: ವಿಟಮಿನ್ ಡಿ ತಗೋಬಹುದಾ ಮೇಡಂ?

ಡಾಕ್ಟರ್: ಮೇಲೆ ನೋಡಿ.

ಉಡುಪಿ: ಗ್ಯಾಸಿಗೆ ಇದ್ದಿಲಿನ ಕ್ಯಾಪ್ಸೂಲ್?

ಡಾಕ್ಟರ್: ಪಿಲ್ ನುಂಗಿ 3 ಗಂಟೆಯೊಳಗೆ ಬೇಡ. ಮಾತ್ರೆಯನ್ನೇ ಹೀರಿಕೊಂಡೀತು.

ಬೆಂಗಳೂರು: ಪಿಸಿಒಎಸ್‌ಗೆ ಡ್ರೋಸ್ಪಿರಿನೋನ್ ಇರುವ ಪಿಲ್. ಬಿಪಿಗೆ ಟೆಲ್ಮಿಸಾರ್ಟನ್. ಜಿಮ್‌ನವರು ಪೊಟ್ಯಾಸಿಯಂ ಪುಡಿ ಕೊಟ್ಟಿದ್ದಾರೆ, ಮನೆಯಲ್ಲಿ ಕಮ್ಮಿ ಸೋಡಿಯಂ ಉಪ್ಪು. ಪರವಾಗಿಲ್ಲ ಅಲ್ವಾ?

ಡಾಕ್ಟರ್: ಪರವಾಗಿಲ್ಲ ಅನ್ನೋ ಹಾಗಿಲ್ಲ. ಆ ಪಿಲ್ಲೂ ಟೆಲ್ಮಿಸಾರ್ಟನ್ನೂ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಕಮ್ಮಿ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕಿರೋದೂ ಪೊಟ್ಯಾಸಿಯಂ. ಮೇಲೆ ಪುಡಿ ಬೇರೆ. ಅತಿಯಾದರೆ ಹೃದಯದ ಬಡಿತ ತಪ್ಪುತ್ತೆ. ಪುಡಿ, ಉಪ್ಪು ಎರಡೂ ಇವತ್ತೇ ನಿಲ್ಲಿಸಿ, ನಾಳೆ ರಕ್ತ ಪರೀಕ್ಷೆ ಮಾಡಿಸಿ. ಬಿಪಿ ಇದೆ ಅಂತ ಗೊತ್ತಿದ್ದೂ ಈಸ್ಟ್ರೋಜನ್ ಇರುವ ಪಿಲ್ ಯಾರು ಕೊಟ್ಟರು? ಬರೆದವರ ಹತ್ತಿರ ಈ ವಾರವೇ ಹೋಗಿ.

ಬೆಂಗಳೂರು: ಮೆಡಿಕಲ್ ಶಾಪಲ್ಲಿ ಕೇಳಿ ತಗೊಂಡಿದ್ದು ಮೇಡಂ.

ಡಾಕ್ಟರ್: ಹಾಗಾದರೆ ಈ ವಾರ ಅಲ್ಲ, ನಾಳೆಯೇ ಡಾಕ್ಟರಿಗೆ ತೋರಿಸಿ.

ಕಲಬುರಗಿ: ವಿಟಮಿನ್ ಡಿ ಮತ್ತ ಪಿಲ್ ಕೂಡಿ ನಡೀತದೇನ್ರಿ?

ಡಾಕ್ಟರ್: ಮೂರನೇ ಸಲ. ನಡೆಯುತ್ತೆ.

ಮ್ಯೂನಿಕ್: ಮೇಡಂ, ಟೆಸ್ಟ್ ನೆಗೆಟಿವ್! ಬೇರೆ ಮಾತ್ರೆ ಯಾವುದೂ ಇಲ್ಲ.

ಡಾಕ್ಟರ್: ಒಳ್ಳೆಯದು. ಆದರೆ ಒಂದು ನೆಗೆಟಿವ್ ಸಾಲದು. ಕಾಂಡೋಮ್ ಇಲ್ಲದೆ ಕೊನೆಯ ಸಲ ಸೇರಿದ ದಿನದಿಂದ 3 ವಾರ ಎಣಿಸಿ, ಮತ್ತೊಮ್ಮೆ ಮಾಡಿ. ಡಾಕ್ಟರನ್ನು ನೋಡೋದು ಮುಂದೂಡಬೇಡಿ.

ಶಿವಮೊಗ್ಗ: "ಪಪ್ಪಾಯಿ ಬೀಜ 7 ದಿನ ತಿಂದರೆ ಪಿಲ್ಲೇ ಬೇಡ..."

ಡಾಕ್ಟರ್: ಅಡ್ಮಿನ್, ಇದನ್ನು ಅಳಿಸಿ. ಇದನ್ನು ನಂಬಿ ಬಸುರಾದವರು ಬರೋದು ನನ್ನ ಹತ್ತಿರ, ಫಾರ್ವರ್ಡ್ ಮಾಡಿದವರ ಹತ್ತಿರ ಅಲ್ಲ. ನನಗೆ ಲೇಬರ್ ವಾರ್ಡಿಂದ ಕರೆ ಬರ್ತಿದೆ, ಹೊರಟೆ.

ಶಿವಮೊಗ್ಗ: ಒಳ್ಳೇದು ಹೇಳಿದರೂ ತಪ್ಪಾ ಇಲ್ಲಿ?

ಗದಗ: ಮೇಡಂ, ಬಯೋಟಿನ್?