ಎಂಎಸ್‌ಎಚ್6 ಸ್ಟೇನ್ ಮಾತ್ರ ಹಿಡೀತಾ ಇಲ್ಲ, ಉಳಿದ ಮೂರೂ ಚೆನ್ನಾಗಿವೆ. ಯಾರಾದ್ರೂ ದಾರಿ ಹೇಳಿ

ಸ್ಲೈಡ್‌ಹುಳು:
ತಲೆ ಕೆಟ್ಟು ಹೋಗಿದೆ. ಗುದನಾಳದ ಕ್ಯಾನ್ಸರ್‌ ಆಪರೇಷನ್ ಸ್ಪೆಸಿಮನ್‌ಗಳಿಂದ ಟಿಎಂಎ ಬ್ಲಾಕ್ (ಹಲವರ ಗಡ್ಡೆಯಿಂದ ತೆಗೆದ ಸಣ್ಣ ಚೂರುಗಳನ್ನು, ಅಂದರೆ ಕೋರ್‌ಗಳನ್ನು, ಒಂದೇ ಮೇಣದ ಬ್ಲಾಕ್‌ನಲ್ಲಿ ಜೋಡಿಸಿದ್ದು) ಕಟ್ಟಿ, ಎಂಎಂಆರ್ (ಡಿಎನ್‌ಎ ತಪ್ಪು ತಿದ್ದೋ) ಪ್ರೋಟೀನ್ ನಾಲ್ಕನ್ನೂ ಆ್ಯಂಟಿಬಾಡಿಯಿಂದ ಸ್ಟೇನ್ ಮಾಡ್ತಾ ಇದ್ದೇನೆ. ರೋಗಿಗಳು ಎಷ್ಟು ಕಾಲ ಬದುಕುತ್ತಾರೆ ಅನ್ನೋದಕ್ಕೂ ಇವಕ್ಕೂ ನಂಟಿದೆಯಾ ಅಂತ ನೋಡಬೇಕು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2 ಮೂರೂ ಗಾಢ ಕಂದು, ಅಂದರೆ ಪ್ರೋಟೀನ್ ಇದೆ. ಎಂಎಸ್‌ಎಚ್6 ಮಾತ್ರ ಎಷ್ಟೋ ಕೋರ್‌ಗಳಲ್ಲಿ ತೀರಾ ಮಂಕು, ಕೆಲವದರಲ್ಲಿ ಬರೀ ನೀಲಿ. ಇಷ್ಟೊಂದು ಜನಕ್ಕೆ ಲಿಂಚ್ ಸಿಂಡ್ರೋಮ್ (ಈ ಜೀನ್‌ಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟು ಮನೆತನದಲ್ಲಿ ಕ್ಯಾನ್ಸರ್ ಬರೋದು) ಇರೋಕೆ ಸಾಧ್ಯವೇ ಇಲ್ಲ. ಆ್ಯಂಟಿಬಾಡಿ ಹೊಸ ವಯಲ್. ಡೈಲ್ಯೂಷನ್ ಬದಲಿಸಿದೆ, ಇನ್‌ಕ್ಯುಬೇಷನ್ ಹೆಚ್ಚಿಸಿದೆ, ಏನೂ ಪ್ರಯೋಜನ ಇಲ್ಲ. ಗೈಡ್ ಬೇರೆ ರಿಸಲ್ಟ್ ಎಲ್ಲಿ ಅಂತ ಕೇಳ್ತಾನೇ ಇದ್ದಾರೆ.

ಕುಕ್ಕರ್‌ರಾಯ:
ರಿಟ್ರೀವಲ್ (ಆ್ಯಂಟಿಬಾಡಿ ಹಿಡಿಯಲಿ ಅಂತ ತೆಳು ಸೆಕ್ಷನ್ ಅನ್ನು ಬಫರ್‌ನಲ್ಲಿ ಬಿಸಿ ಮಾಡೋದು) ಸಮಸ್ಯೆ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಸಿಟ್ರೇಟ್, ಪಿಎಚ್ 6 ಅಲ್ವಾ? ಅದನ್ನು ಬಿಟ್ಟಾಕಿ. ಟ್ರಿಸ್-ಇಡಿಟಿಎ, ಪಿಎಚ್ 9, ಪ್ರೆಷರ್ ಕುಕ್ಕರ್. ಆಮೇಲೆ ಬಫರ್‌ನಲ್ಲೇ ತಣ್ಣಗಾಗಲಿ. ಅವಸರ ಮಾಡಿ ನಲ್ಲಿ ಕೆಳಗೆ ಹಿಡಿದರೆ ಸೆಕ್ಷನ್ ಎದ್ದು ಬರುತ್ತೆ.

ಸ್ಲೈಡ್‌ಹುಳು:
ಪಿಎಚ್ 9ರಲ್ಲೇ ಮಾಡ್ತಿರೋದು ಸರ್.

ಕುಕ್ಕರ್‌ರಾಯ:
ಮೀಟರ್ ಕ್ಯಾಲಿಬ್ರೇಟ್ ಮಾಡಿ ಎಷ್ಟು ಕಾಲ ಆಯ್ತು? ಬಫರ್ ಬಿಸಿ ಇದ್ದಾಗ ಅಳೆದ್ರಾ, ತಣ್ಣಗಿದ್ದಾಗಲಾ? ಟ್ರಿಸ್ ಬಿಸಿಯಾದಂತೆ ಪಿಎಚ್ ಇಳಿಯುತ್ತೆ. ಇದು ಜಾಸ್ತಿ ಜನಕ್ಕೆ ಗೊತ್ತೇ ಇರಲ್ಲ.

ಬ್ಲಾಕ್‌ಮನೆ:
ಮೊದಲು ಒಂದು ಪ್ರಶ್ನೆಗೆ ಉತ್ತರ ಬರಲಿ. ನೀಲಿ ಆಗಿರೋ ಕೋರ್‌ನಲ್ಲೇ ಲಿಂಫೋಸೈಟ್‌ಗಳು, ಸ್ಟ್ರೋಮಾದ (ಗಡ್ಡೆ ಸುತ್ತಲಿನ ಆಧಾರ ಅಂಗಾಂಶದ) ಕೋಶಗಳು ಕಂದಾಗಿವೆಯಾ?

ಸ್ಲೈಡ್‌ಹುಳು:
ಆಗಿವೆ, ಚೆನ್ನಾಗೇ ಆಗಿವೆ. ಗಡ್ಡೆಯ ಗ್ರಂಥಿಗಳು ಮಾತ್ರ ಖಾಲಿ.

ಬ್ಲಾಕ್‌ಮನೆ:
ಹಾಗಾದರೆ ಬಫರ್, ಕುಕ್ಕರ್, ಆ್ಯಂಟಿಬಾಡಿ ಯಾವುದನ್ನೂ ದೂರಬೇಡಿ. ಇಂಟರ್ನಲ್ ಕಂಟ್ರೋಲ್, ಅಂದರೆ ಆ ಸಹಜ ಕೋಶಗಳು, ಪಕ್ಕದಲ್ಲೇ ಕೂತು ಸ್ಟೇನ್ ಸರಿ ಇದೆ ಅಂತ ಸಾಕ್ಷಿ ಹೇಳ್ತಾ ಇದೆ.

ಕುಕ್ಕರ್‌ರಾಯ:
ಒಪ್ಪಲ್ಲ. ಅರೆಬರೆ ರಿಟ್ರೀವಲ್ ಆದರೂ ಲಿಂಫೋಸೈಟ್ ಹಿಡಿಯುತ್ತೆ.

ಬ್ಲಾಕ್‌ಮನೆ:
ಸ್ಟ್ರೋಮಾನೂ ಹಿಡಿದಿದೆ ಅಂತ ಅವರೇ ಬರೆದಿದ್ದಾರಲ್ಲ ಸ್ವಾಮಿ. ಸಾಮಾನ್ಯವಾಗಿ ಗಡ್ಡೆಯೇ ಸ್ಟ್ರೋಮಾಗಿಂತ ಗಾಢವಾಗಿ ಬರೋದು. ಇಲ್ಲಿ ಉಲ್ಟಾ ಆಗಿದೆ. ಅದಕ್ಕೆ ಬಫರ್ ಹೇಗೆ ಕಾರಣ ಆಗುತ್ತೆ ಹೇಳಿ.

ಹಳೇಮೈಕ್ರೋಟೋಮ್:
ಫಿಕ್ಸೇಷನ್ (ಕೆಡದಂತೆ ಫಾರ್ಮಲಿನ್‌ನಲ್ಲಿ ಇಡೋದು) ಬಗ್ಗೆ ಯಾರೂ ಕೇಳಲೇ ಇಲ್ಲ. ಗುದನಾಳದ ಸ್ಪೆಸಿಮನ್‌ನಲ್ಲಿ ಮೆಸೊರೆಕ್ಟಮ್ (ಗುದನಾಳದ ಸುತ್ತಲಿನ ಕೊಬ್ಬಿನ ಪದರ) ಅಂಚು ನೋಡಬೇಕು ಅಂತ ಗಡ್ಡೆ ಇರೋ ಜಾಗ ಬಿಚ್ಚದೆ ಬಿಡ್ತಾರೆ. ಒಳಗೆ ಫಾರ್ಮಲಿನ್ ಸರಿಯಾಗಿ ಇಳಿಯಲ್ಲ. ನಾನಾಗಿದ್ದರೆ ಪೂರ್ತಿ ಸೀಳಿ ಬೋರ್ಡಿಗೆ ಪಿನ್ ಮಾಡ್ತಿದ್ದೆ.

ಬ್ಲಾಕ್‌ಮನೆ:
ಪೂರ್ತಿ ಸೀಳಿದರೆ ಅಂಚು ಹರಿದು ಹೋಗುತ್ತೆ. ಗಡ್ಡೆ ಅಂಚಿನಿಂದ 1 ಮಿ.ಮೀ. ಒಳಗೆ ಬಂದಿದೆಯಾ ಇಲ್ವಾ ಅನ್ನೋದರ ಮೇಲೆ ರಿಪೋರ್ಟ್ ನಿಂತಿರುತ್ತೆ. ಅಲ್ಲಿ ಕತ್ತರಿ ಹಾಕೋದು ಬೇಡ. ಗಾಜ್ ಬಟ್ಟೆಯ ಬತ್ತಿ ತೂರಿಸಿ ಇನ್ನಷ್ಟು ಹೊತ್ತು ಫಾರ್ಮಲಿನ್‌ನಲ್ಲಿ ಬಿಟ್ಟರೆ ಆಯ್ತು. ಅಲ್ಲದೆ ಫಿಕ್ಸೇಷನ್ ಕೆಟ್ಟಿದ್ದರೆ ಎಂಎಸ್‌ಎಚ್2 ಯಾಕೆ ಚೆನ್ನಾಗಿ ಬಂತು?

ಹಳೇಮೈಕ್ರೋಟೋಮ್:
ಬತ್ತಿ ವಿಚಾರಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಅಲ್ಲೇ ಮಾತಾಡೋಣ.

ಬಡ್‌ಎಣಿಕೆ:
ಎಂಎಂಆರ್‌ಗೆ ಯಾಕಿಷ್ಟು ಒದ್ದಾಟ? ಗುದನಾಳದಲ್ಲಿ ಅದರ ಕೊರತೆ ಹೇಗೂ ಅಪರೂಪ. ಬಡ್ಡಿಂಗ್ (ಗಡ್ಡೆಯಿಂದ ಕಳಚಿಕೊಂಡ ಪುಟ್ಟ ಕೋಶಗುಂಪು) ಎಣಿಸಿ, ಎಚ್ ಆಂಡ್ ಇ (ಮಾಮೂಲಿ ಸ್ಟೇನ್) ಸಾಕು. 2016ರ ಒಮ್ಮತ ಇದೆಯಲ್ಲ: 0.785 ಚದರ ಮಿ.ಮೀ. ಹಾಟ್‌ಸ್ಪಾಟ್ (ಬಡ್ ಹೆಚ್ಚಿರೋ ಜಾಗ), ನಾಲ್ಕು ಕೋಶದವರೆಗಿನ ಗುಂಪು ಅಂದರೆ ಒಂದು ಬಡ್. 10 ಮುಟ್ಟಿದರೆ ಹೈ. ಮಜಾ ಏನಂದ್ರೆ 1 ಮಿ.ಮೀ. ವ್ಯಾಸದ ಟಿಎಂಎ ಕೋರ್‌ನ ವಿಸ್ತೀರ್ಣವೂ ಅಷ್ಟೇ.

ಬ್ಲಾಕ್‌ಮನೆ:
ಅಳತೆ ಸರಿ, ಜಾಗ ತಪ್ಪು. ಬಡ್ ಎಣಿಸೋದು ಗಡ್ಡೆ ಮುನ್ನುಗ್ಗುವ ಅಂಚಿನಲ್ಲಿ. ಇವರ ಕೋರ್ ನಡುಭಾಗದ್ದಾಗಿದ್ದರೆ ಏನು ಎಣಿಸ್ತೀರಾ?

ಸ್ಕ್ಯಾನರ್‌ಪ್ರಿಯ:
ನಮ್ಮಲ್ಲಿ ಹೋಲ್ ಸ್ಲೈಡ್ ಸ್ಕ್ಯಾನರ್ ಬಂದಿದೆ, 40ಎಕ್ಸ್. ಎಣಿಕೆ ಎಲ್ಲ ಸಾಫ್ಟ್‌ವೇರೇ ಮಾಡುತ್ತೆ. ರಾತ್ರಿ ಟ್ರೇ ತುಂಬಿಸಿಟ್ಟರೆ ಬೆಳಿಗ್ಗೆ ರೆಡಿ. ಸ್ಕ್ರೀನ್‌ಶಾಟ್ ಬೇಕಾದ್ರೆ ಹಾಕ್ತೀನಿ.

ನೀಲಿಕಣ:
ಎಲ್ಲರೂ ಸ್ವಲ್ಪ ತಡೀರಿ. ಸ್ಲೈಡ್‌ಹುಳು, ಇವರಿಗೆ ಆಪರೇಷನ್‌ಗೆ ಮೊದಲು ಕೀಮೋ-ರೇಡಿಯೇಷನ್ ಆಗಿದೆಯಾ?

ಸ್ಲೈಡ್‌ಹುಳು:
ಬಹುತೇಕ ಎಲ್ಲರಿಗೂ ಆಗಿದೆ ಮೇಡಂ. ಗುದನಾಳ ಅಂದ ಮೇಲೆ ಅದು ಇದ್ದೇ ಇರುತ್ತಲ್ವಾ, ಬೇರೆ ಹೇಳಬೇಕಾ?

ನೀಲಿಕಣ:
ಹೇಳಬೇಕು, ಯಾಕಂದ್ರೆ ಇಡೀ ಉತ್ತರ ಅದರಲ್ಲೇ ಇದೆ. ಕೀಮೋ-ರೇಡಿಯೇಷನ್ ಆದ ಗಡ್ಡೆಗಳಲ್ಲಿ ಎಂಎಸ್‌ಎಚ್6 ಇಳಿಯೋದು ಗೊತ್ತಿರೋ ಸಂಗತಿ. ಜೀನ್ ಕೆಟ್ಟಿಲ್ಲ. ಕೋಶ ವಿಭಜನೆ ಕುಗ್ಗಿದಾಗ ಈ ಪ್ರೋಟೀನ್ ಕೂಡ ಕುಗ್ಗುತ್ತೆ. ಪಕ್ಕದ ಸೆಕ್ಷನ್‌ಗೆ ಕೆಐ-67 (ವಿಭಜನೆ ಆಗ್ತಿರೋ ಕೋಶ ತೋರಿಸೋ ಸ್ಟೇನ್) ಹಾಕಿ ನೋಡಿ. ಇನ್ನೊಂದು: ಮಂಕಾದ ಕೋರ್‌ಗಳನ್ನು ಹೈ ಪವರ್‌ನಲ್ಲಿ ನೋಡಿ. ನ್ಯೂಕ್ಲಿಯಸ್ ನೀಲಿ ಇದ್ದು, ಒಳಗೆ ನ್ಯೂಕ್ಲಿಯೋಲಸ್ ಇರೋ ಕಡೆ ಮಾತ್ರ ಕಂದು ಚುಕ್ಕೆ ಕಾಣುತ್ತಾ?

ಸ್ಲೈಡ್‌ಹುಳು:
ಕಾಣುತ್ತೆ! ಒಂದೊಂದು ನ್ಯೂಕ್ಲಿಯಸ್‌ಗೆ ಒಂದೋ ಎರಡೋ ಗುಂಡು ಚುಕ್ಕೆ. ಅದು ಡಿಎಬಿ (ಕಂದು ಬಣ್ಣ ಕೊಡೋ ರಾಸಾಯನಿಕ) ಗಸಿ ಅಲ್ವಾ?

ನೀಲಿಕಣ:
ಗಸಿ ಆಗಿದ್ದರೆ ಸ್ಟ್ರೋಮಾ, ಖಾಲಿ ಗಾಜು ಎಲ್ಲ ಕಡೆ ಚೆಲ್ಲಿರುತ್ತಿತ್ತು. ಇದು ಚಿಕಿತ್ಸೆ ಆದ ಗಡ್ಡೆಗಳಲ್ಲಿ ಕಾಣೋ ಮಾದರಿ. ಇದನ್ನು ಲಾಸ್ (ಪ್ರೋಟೀನ್ ಇಲ್ಲ) ಅಂತ ಬರೀಬೇಡಿ. ಬರೆದರೆ ಆ ಮನೆಯವರೆಲ್ಲ ಸುಮ್ನೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಅಲೆಯಬೇಕಾಗುತ್ತೆ. ಚಿಕಿತ್ಸೆಗೆ ಮೊದಲಿನ ಬಯಾಪ್ಸಿ ಬ್ಲಾಕ್ ತರಿಸಿ ಅದರಲ್ಲಿ ಮಾಡಿ.

ಕುಕ್ಕರ್‌ರಾಯ:
ಪಿಸಿಆರ್ ಮಾಡಿಬಿಡಿ, ಬ್ಯಾಟ್-25, ಬ್ಯಾಟ್-26 (ಎಂಎಂಆರ್ ಕೆಟ್ಟರೆ ಉದ್ದ ಬದಲಾಗೋ ಡಿಎನ್‌ಎ ತುಣುಕುಗಳು). ಜಗಳವೇ ಮುಗೀತು.

ನೀಲಿಕಣ:
ಪೂರ್ತಿ ಮುಗಿಯಲ್ಲ. ಎಂಎಸ್‌ಎಚ್6 ಜೀನೇ ಕೆಟ್ಟಿರೋ ಕೆಲವು ಗಡ್ಡೆಗಳು ಪಿಸಿಆರ್‌ನಲ್ಲಿ ಸ್ಟೇಬಲ್ ಅಂತ ಬರುತ್ತವೆ. ಬಯಾಪ್ಸಿ ಮೊದಲು, ಪಿಸಿಆರ್ ಆಮೇಲೆ.

ಕರ್ವ್‌ಗಾರ:
ನಾನು ಅಂಕಿಸಂಖ್ಯೆಯವನು, ಸ್ಟೇನ್ ಗೊತ್ತಿಲ್ಲ. ಆದರೆ ನನಗೆ ಕಾಣೋ ತೊಂದರೆ ಇದಕ್ಕಿಂತ ದೊಡ್ಡದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗಿದ ಗಡ್ಡೆಯಲ್ಲಿ ಎಂಎಸ್‌ಎಚ್6 ಮಂಕು ಅನ್ನೋದಾದರೆ, ಅಂಥವರು ಹೇಗೂ ಜಾಸ್ತಿ ಕಾಲ ಬದುಕುತ್ತಾರೆ. ಸರ್ವೈವಲ್ ಕರ್ವ್ (ಎಷ್ಟು ಜನ ಎಷ್ಟು ಕಾಲ ಬದುಕಿದರು ಅನ್ನೋ ರೇಖೆ) ಎರಡಾಗಿ ಒಡೆದು ಚಂದ ಕಾಣುತ್ತೆ. ನೀವು ಎಂಎಸ್‌ಎಚ್6 ಮುನ್ಸೂಚಕ ಅಂತೀರಿ, ನಿಜಕ್ಕೂ ನೀವು ಅಳೆದಿದ್ದು ರೇಡಿಯೇಷನ್ ಕೆಲಸ ಮಾಡಿತಾ ಅನ್ನೋದನ್ನು. ಇನ್ನೂ ಒಂದಿದೆ. ಗಡ್ಡೆ ಪೂರ್ತಿ ಕರಗಿದವರ ಸ್ಪೆಸಿಮನ್‌ನಲ್ಲಿ ಕೋರ್ ತೆಗೆಯೋಕೆ ಕ್ಯಾನ್ಸರೇ ಇರಲ್ಲ. ಅತಿ ಚೆನ್ನಾಗಿ ಗುಣವಾದವರು ನಿಮ್ಮ ಟಿಎಂಎಗೆ ಬಂದೇ ಇಲ್ಲ. ಆಪರೇಷನ್ ಬ್ಲಾಕ್ ಇಟ್ಟುಕೊಂಡು ಈ ಲೆಕ್ಕ ಸರಿಮಾಡೋಕಾಗಲ್ಲ.

ಬಡ್‌ಎಣಿಕೆ:
ಅದಕ್ಕೇ ಬಡ್ಡಿಂಗ್ ಅಂದಿದ್ದು.

ಕರ್ವ್‌ಗಾರ:
ಅಲ್ಲೂ ಅದೇ ಕಥೆ. ರೇಡಿಯೇಷನ್‌ಗೆ ಗಡ್ಡೆ ಚೂರುಚೂರಾಗಿ ಉಳಿದಿರುತ್ತೆ ಅಂತ ನಿಮ್ಮವರೇ ಹೇಳ್ತಾರಲ್ಲ? ಆ ಚೂರನ್ನೆಲ್ಲ ಬಡ್ ಅಂತ ಎಣಿಸಿದರೆ ಹೇಗೆ?

ಸ್ಲೈಡ್‌ಹುಳು:
ಒಂದಷ್ಟು ಬಯಾಪ್ಸಿ ಬ್ಲಾಕ್ ಸಿಕ್ಕವು. ಟಿಎಂಎಯಲ್ಲಿ ನೀಲಿ ಇದ್ದವರದ್ದೇ ಮೊದಲು ಹಾಕಿದೆ, ಎಂಎಸ್‌ಎಚ್6 ಗಟ್ಟಿ ಪಾಸಿಟಿವ್. ಉಳಿದ ಬ್ಲಾಕ್‌ಗಳು ಬೇರೆ ಬೇರೆ ಲ್ಯಾಬ್‌ಗಳಲ್ಲಿವೆ. ಸಿಕ್ಕವೂ ಚೂರುಗಳು. ನಾಲ್ಕು ಸ್ಟೇನ್‌ಗೆ ಕತ್ತರಿಸಿದರೆ ಪಿಸಿಆರ್‌ಗೆ ಏನೂ ಉಳಿಯಲ್ಲ.

ನೀಲಿಕಣ:
ನಾಲ್ಕು ಬೇಡ. ಪಿಎಂಎಸ್2, ಎಂಎಸ್‌ಎಚ್6 ಎರಡೇ ಹಾಕಿ. ಎಂಎಲ್‌ಎಚ್1 ಹೋದರೆ ಅದರ ಜೊತೆಗಾರ ಪಿಎಂಎಸ್2 ನಿಲ್ಲಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ನಿಲ್ಲಲ್ಲ. ಎರಡೂ ಇದ್ದರೆ ಅಲ್ಲಿಗೆ ಬಿಡಿ. ಒಂದು ಇಲ್ಲದಿದ್ದರೆ ಅದರ ಜೋಡಿ ಹಾಕಿ. ಬ್ಲಾಕ್ ಒಮ್ಮೆ ಮೈಕ್ರೋಟೋಮ್‌ಗೆ ಕೂರಿಸಿದಾಗಲೇ ಬೇಕಾದ ಸೆಕ್ಷನ್ ಎಲ್ಲ ತೆಗೆದಿಡಿ. ಮತ್ತೆ ಮತ್ತೆ ಕೂರಿಸಿದರೆ ಟ್ರಿಮ್ಮಿಂಗ್‌ನಲ್ಲೇ ಅರ್ಧ ಹೋಗುತ್ತೆ.

ಕುಕ್ಕರ್‌ರಾಯ:
ಎರಡಕ್ಕೂ ಪಿಎಚ್ 9, ಮರೀಬೇಡಿ.

ಸ್ಲೈಡ್‌ಹುಳು:
ಗಡ್ಡೆ ಪೂರ್ತಿ ಕರಗಿದವರ ಬಯಾಪ್ಸಿಯನ್ನೂ ಸೇರಿಸಬೇಕು ಅಂತಿದ್ದೇನೆ. ಮೊದಲ ಪ್ರೋಟೋಕಾಲ್‌ನಲ್ಲಿ ಅವರು ಇರಲಿಲ್ಲ. ಎಥಿಕ್ಸ್ ಕಮಿಟಿಗೆ ಅಮೆಂಡ್‌ಮೆಂಟ್ ಸಾಕಾ, ಹೊಸದಾಗಿ ಅರ್ಜಿ ಹಾಕಬೇಕಾ?

ಸ್ಕ್ಯಾನರ್‌ಪ್ರಿಯ:
ಸ್ಕ್ರೀನ್‌ಶಾಟ್ ಯಾರೋ ಕೇಳಿದ್ರಲ್ಲ, ಅಪ್‌ಲೋಡ್ ಆಗ್ತಿಲ್ಲ. ಫೈಲ್ ಸೈಜ್ ಜಾಸ್ತಿ ಅಂತೆ.